ಕರಿ ತಾಯಿಯ ಮುಖ ತೊಳೆದವರು

ನಮ್ಮವರ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಮುರಿದ ಸಂತರನ್ನು ಅಂಟಿಸುತ್ತಾರೆ ಎಂದು ಹೇಳುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಾನು ತಮಾಷೆಗೆ ಹೇಳುತ್ತಿರಲಿಲ್ಲ. ಕೆಲಸ ಅದೇ. ಚರ್ಚಿನ ಪ್ರತಿಮೆ, ಮನೆಯಲ್ಲಿಟ್ಟುಕೊಳ್ಳುವ ಪ್ರತಿಮೆ, ಗೋಡೆಗೆ ಹಾಕುವ ಶಿಲುಬೆ, ರೆಕ್ಕೆ ಮುರಿದ ದೇವದೂತ, ಎಲ್ಲವೂ ನಮ್ಮ ಮನೆಗೆ ಬರುತ್ತಿದ್ದವು. ಬೀದಿಯವರು ಅವರನ್ನು ಗೋಂದಣ್ಣ ಎಂದು ಕರೆದರು. ಗೋಂದಲ್ಲವೇ, ಹೆಸರು ಅಂಟಿಕೊಂಡಿತು.

ಮನೆಯಲ್ಲಿ ಎರಡೇ ಕೋಣೆ. ಮುಂದಿನದು ಅವರದು, ಹಿಂದಿನದು ನನ್ನದು. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಉದ್ದನೆಯ ಮೇಜು. ಅದರ ಮೇಲೆ ಗೋಂದಿನ ಡಬ್ಬ, ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ಕುಂಚಗಳು. ಒಂದು ಬಿಸ್ಕತ್ತಿನ ಡಬ್ಬದಲ್ಲಿ ಬರೀ ಬೆರಳುಗಳು. ಮದುವೆಯಾದ ಹೊಸತರಲ್ಲಿ ಬಿಸ್ಕತ್ತು ಇರಬಹುದೆಂದು ಅದನ್ನು ತೆರೆದು ಕಿಟಾರನೆ ಕಿರುಚಿದ್ದೆ. ಅವರು ಕುಂಚ ಕೂಡ ಕೆಳಗಿಡಲಿಲ್ಲ.

"ಹೆದರಬೇಡ ಕಣೇ. ಎಲ್ಲಾ ಆಶೀರ್ವಾದ ಮಾಡೋ ಬೆರಳುಗಳೇ. ಹೊಡೆಯೋದು ಒಂದೂ ಇಲ್ಲ" ಎಂದರು.

ಪ್ರತಿಮೆಯನ್ನು ಅವರು ಎಂದೂ ಬೋರಲು ಮಲಗಿಸುತ್ತಿರಲಿಲ್ಲ. ಬೆನ್ನಿನ ಕೆಲಸ ಇದ್ದರೆ ಪಕ್ಕಕ್ಕೆ ಮಲಗಿಸಿ ತಲೆಯ ಕೆಳಗೆ ಬಟ್ಟೆ ಮಡಚಿ ಇಡುತ್ತಿದ್ದರು. ನನಗೆ ಜ್ವರ ಬಂದಾಗಲೂ ಅಷ್ಟು ನಾಜೂಕಾಗಿ ದಿಂಬು ಇಟ್ಟವರಲ್ಲ. ಅದನ್ನು ಅವರ ಮುಖಕ್ಕೇ ಹೇಳಿದೆ. "ನೀನು ಉರುಳಿದ್ರೆ ಒಡೆಯಲ್ಲ" ಎಂದರು. ಮೊಳೆ ಹೊಡೆಯುವ ಮುಂಚೆ "ಸ್ವಲ್ಪ ನೋಯತ್ತೆ, ತಡ್ಕೋ" ಎಂದು ಸಂತರಿಗೆ ಹೇಳುತ್ತಿದ್ದರು. ಹೇಳಿದ್ದು ಹೊರಗೆ ಕೇಳಿಸಿದರೆ ನಾಚಿಕೆ.

ಕಸದ ವಿಷಯದಲ್ಲಿ ಅವರಿಗೊಂದು ಕಟ್ಟುನಿಟ್ಟು ಇತ್ತು. ಪಾದ್ರಿಗಳು ಆಶೀರ್ವದಿಸಿದ ವಸ್ತು ಚೂರಾದರೂ ಅದು ಕಸವಲ್ಲ. ಸುಡಬೇಕು, ಇಲ್ಲ ಹೂಳಬೇಕು. ಹೀಗಾಗಿ ಪ್ರತಿಮೆಯಿಂದ ಉದುರಿದ ಪುಡಿ, ಒರೆಸಿದ ಹತ್ತಿ ಎಲ್ಲವನ್ನೂ ಒಂದು ದೊಡ್ಡ ತಗಡಿನ ಡಬ್ಬಕ್ಕೆ ತುಂಬಿಡುತ್ತಿದ್ದರು. ಡಬ್ಬ ತುಂಬಿದಾಗ ಹಿತ್ತಲಲ್ಲಿ ಬೆಂಕಿ. ಆ ಡಬ್ಬ ನಾನು ಗುಡಿಸುವ ದಾರಿಗೇ ಅಡ್ಡ. ಎಷ್ಟು ಸಲ ಎಡವಿದ್ದೇನೋ.

ಪಕ್ಕದ ಮನೆಯ ಸೈಕಲ್ ರಿಪೇರಿಯವನಿಗೆ ದೇವರು ದಿಂಡಿರು ಯಾವುದೂ ಇಲ್ಲ. ಆದರೂ ಅವರಿಬ್ಬರು ಭಾರಿ ಸ್ನೇಹ. ಅವನು ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ. "ಏನ್ ಗೋಂದಣ್ಣ, ಗೊಂಬೆಗೆ ಇಷ್ಟೊಂದು ಸೇವೆ?"

"ನಿಮ್ಮಮ್ಮನ ಫೋಟೋ ನೆಲದ ಮೇಲಿಡ್ತೀನಿ. ತುಳಿದ್ಕೊಂಡು ಹೋಗ್ತೀಯಾ?"

"ಅದು ಹೇಗಾಗತ್ತೆ?"

"ಯಾಕೆ, ಕಾಗದ ತಾನೇ ಅದು? ನೀನು ಕೈ ಮುಗಿಯೋದು ಕಾಗದಕ್ಕಲ್ಲ. ನಾನೂ ಮರಕ್ಕೆ ಮುಗಿಯಲ್ಲ."

ಇಷ್ಟು ಹೇಳಿ ಅವನಿಗೆ ಚಹಾ ಕೊಡು ಎನ್ನುತ್ತಿದ್ದರು. ಮಾತಿನಲ್ಲಿ ಗೆದ್ದದ್ದು ಅವರು, ಒಲೆ ಹಚ್ಚಬೇಕಾದದ್ದು ನಾನು.

ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಹೇಳಲು ಏನೂ ಇಲ್ಲ.

ಈಗ ಕರಿ ತಾಯಿಯ ವಿಷಯ. ನಮ್ಮ ಚರ್ಚಿನ ಒಳಗೆ ಪಕ್ಕದ ಗೋಡೆಯ ಗೂಡಿನಲ್ಲಿ ಮಾತೆ ಮರಿಯಮ್ಮನವರ ಮರದ ಪ್ರತಿಮೆ ಇದೆ. ಯಾರು ತಂದರೋ, ಯಾವಾಗ ತಂದರೋ ಯಾರಿಗೂ ಗೊತ್ತಿಲ್ಲ. ಅದರ ಕೆಳಗೇ ಮೇಣದಬತ್ತಿ ಹಚ್ಚುವ ಕಬ್ಬಿಣದ ಚೌಕಟ್ಟು. ಪ್ರತಿಮೆಯ ಮುಖ ಇದ್ದಿಲಿನ ಹಾಗೆ ಕಪ್ಪು. ಕೈ ಕಪ್ಪು, ಬಟ್ಟೆ ಕಪ್ಪು. ಕಣ್ಣಿನ ಬಿಳುಪು ಮಾತ್ರ ಕಾಣುತ್ತಿತ್ತು. ಎಲ್ಲರೂ ಕರಿ ತಾಯಿ ಎನ್ನುತ್ತಿದ್ದರು. ನನ್ನ ಅಮ್ಮ ದಿನವೂ ಹೋಗುತ್ತಿದ್ದಳು. ನಾನು ಹುಟ್ಟಿದಾಗ ಉಸಿರು ಆಡಲಿಲ್ಲವಂತೆ. ಅಮ್ಮ ಮಲಗಿದಲ್ಲಿಂದಲೇ ಕರಿ ತಾಯಿಯನ್ನು ಕೂಗಿದಳಂತೆ. ಆಗ ನಾನು ಅತ್ತೆನಂತೆ. "ಅತ್ತಿದ್ದು ಸರಿ. ಆಮೇಲೆ ಬಾಯಿ ಮುಚ್ಚಲೇ ಇಲ್ಲ" ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಚರ್ಚು ಕಟ್ಟಿದ ವಾರ್ಷಿಕದ ದಿನ ಹತ್ತಿರ ಬಂದಿತ್ತು. ಹೊಸದಾಗಿ ಬಂದ ಫಾದರ್ ನಮ್ಮವರನ್ನು ಕರೆಸಿದರು. "ಧೂಳು ಒರೆಸಿ, ಒಂದು ಸ್ವಲ್ಪ ಹೊಳಪು ಕೊಡಿ" ಎಂದರು. ತಳ್ಳುಗಾಡಿಯಲ್ಲಿ ಹಾಸಿಗೆ ಹಾಸಿ, ಮೇಲೆ ಚಾದರ ಹೊದಿಸಿ ಕರಿ ತಾಯಿಯನ್ನು ನಮ್ಮ ಮನೆಗೆ ತಂದರು. ದಾರಿಯಲ್ಲಿ ಒಬ್ಬ ಮುದುಕ ಯಾರೋ ಸತ್ತರು ಎಂದು ಟೋಪಿ ತೆಗೆದನಂತೆ.

ಅವರು ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತರು. ಹತ್ತಿಗೆ ಸ್ಪಿರಿಟ್ ಹಾಕಿ ಕೆನ್ನೆಯ ಮೂಲೆಯಲ್ಲಿ ಒರೆಸಿದರು. ನಾನು ಹಿಂದೆ ಬಟ್ಟೆ ಒಗೆಯುತ್ತಿದ್ದೆ.

"ಬಾರೇ ಇಲ್ಲಿ! ಬೇಗ ಬಾ!"

ಒದ್ದೆ ಕೈಯಲ್ಲೇ ಹೋದೆ. ಕಪ್ಪಿನ ನಡುವೆ ಉಗುರಗಲ ಜಾಗ ಕೆಂಪಗೆ, ಮಗುವಿನ ಕೆನ್ನೆಯ ಹಾಗೆ. "ಒಳಗಿದ್ದಾಳೆ ಕಣೇ. ಇಷ್ಟು ಕಾಲ ಒಳಗೇ ಇದ್ದಾಳೆ" ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೇಗೆ ನಿಲ್ಲಿಸಿಯಾರು? ಮುಖ ಪೂರ್ತಿ ಬಂತು, ತುಟಿ ಬಂತು, ನೀಲಿ ಬಟ್ಟೆ ಬಂತು, ಬಟ್ಟೆಯ ಮೇಲೆ ಸಣ್ಣ ಚಿನ್ನದ ನಕ್ಷತ್ರ ಬಂದವು. ಊಟಕ್ಕೆ ಕರೆದರೆ "ಇದೊಂದು ನಕ್ಷತ್ರ ಆಗ್ಲಿ" ಎನ್ನುತ್ತಿದ್ದರು. ಕಪ್ಪಾದ ಹತ್ತಿಯನ್ನೆಲ್ಲ ಡಬ್ಬಕ್ಕೆ ಹಾಕಿದರು. ಫಾದರ್ ಬಂದು ನೋಡಿ ಅದ್ಭುತ ಎಂದರು. ನಮ್ಮವರಂಥ ಸಂತೋಷದ ಮನುಷ್ಯ ಆ ವಾರ ಇಡೀ ಬೀದಿಯಲ್ಲಿರಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಗೂಡಿನ ಪರದೆ ಸರಿಸಿದರು. ಮುಂದಿನ ಬೆಂಚಿನಿಂದ ನನ್ನ ಅಮ್ಮ ಎದ್ದಳು. ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು.

"ಯಾರಿವಳು?" ಎಂದಳು.

ಫಾದರ್ ನಕ್ಕರು. "ನಿಮ್ಮ ತಾಯಿನೇ ಅಮ್ಮಾ. ಕೊಳೆ ಹೋಗಿದೆ, ಅಷ್ಟೇ."

"ಕೊಳೆನಾ? ನಾನು ಹಚ್ಚಿದ ಬತ್ತಿ ಕೊಳೆನಾ?"

ಅಮ್ಮ ಹೊರಗೆ ಹೋದಳು. ಹಿಂದೆಯೇ ಹೆಂಗಸರೆಲ್ಲ ಹೋದರು. ಕಬ್ಬಿಣದ ಚೌಕಟ್ಟಿನಲ್ಲಿ ಅವತ್ತು ಒಂದು ಬತ್ತಿಯೂ ಉರಿಯಲಿಲ್ಲ. ನಮ್ಮವರು ಕಂಬದ ಪಕ್ಕ ನಿಂತಿದ್ದರು.

ಮಧ್ಯಾಹ್ನ ಅಮ್ಮ ನಮ್ಮ ಮನೆಗೆ ಬಂದಳು. ನಮ್ಮವರು ಚಿಕ್ಕಂದಿನಿಂದ ಅದೇ ಬೀದಿಯಲ್ಲಿ ಬೆಳೆದವರು, ಅಮ್ಮ ಅವರ ಮೂಗು ಒರೆಸಿದವಳು. ಅಳಿಯ ಎಂದು ಮರ್ಯಾದೆ ಕೊಟ್ಟು ಮಾತಾಡಿಸಿದವಳೇ ಅಲ್ಲ.

"ಎಲ್ಲಿಟ್ಟಿದ್ದೀಯ ಅವಳನ್ನ?"

"ಯಾರನ್ನ ಅತ್ತೆ?"

"ಒರೆಸಿ ತೆಗೆದೆಯಲ್ಲ, ಅವಳನ್ನ."

ಅವರು ಡಬ್ಬ ತೋರಿಸಿದರು. ಅಮ್ಮ ನೆಲದ ಮೇಲೆ ಕೂತು ಹತ್ತಿಯ ಉಂಡೆಗಳನ್ನು ಒಂದೊಂದಾಗಿ ತೆಗೆದಳು.

"ಇದು ಎಲ್ಲಿದು?"

"ತೋಳು."

"ಇದು?"

"ಕೆನ್ನೆ... ಅದು ಹಣೆ."

ಕೆನ್ನೆಯದನ್ನೂ ಹಣೆಯದನ್ನೂ ಕರ್ಚೀಫಿನಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ತಿರುಗಿ ನಿಂತಳು. "ಫೋಟೋ ಫೋಟೋ ಅಂತ ಎಲ್ಲರಿಗೂ ಪಾಠ ಹೇಳ್ತೀಯಲ್ಲ. ನಿಮ್ಮಮ್ಮನ ಫೋಟೋಗೆ ಬೇರೆ ಮುಖ ಅಂಟಿಸಿದ್ರೆ ಸುಮ್ನಿರ್ತೀಯಾ?"



ಸುದ್ದಿ ಹರಡಿತು. ಸಂಜೆಯೊಳಗೆ ಡಬ್ಬ ಖಾಲಿ. ಒಬ್ಬಳು ಕೈಯ ಹತ್ತಿ ಒಯ್ದಳು, ಒಬ್ಬಳು ಪಾದದ್ದು. ಕೆಲವರು ಮನೆಯ ಶಿಲುಬೆಯ ಕೆಳಗೆ ಪಿನ್ನು ಚುಚ್ಚಿ ಇಟ್ಟರು. ಒಬ್ಬಳು ಕಾಯಿಲೆ ಮಗುವಿನ ತೊಟ್ಟಿಲಿಗೆ ಕಟ್ಟಿದಳು. ಫಾದರ್ ಅಮ್ಮನಿಗೆ ತಿಳಿಸಿ ಹೇಳಿದರು: "ಪವಿತ್ರ ಅವಶೇಷ ಅಂದ್ರೆ ಸಂತರ ಮೂಳೆ, ಸಂತರು ಉಟ್ಟ ಬಟ್ಟೆ. ಇದು ಬರೀ ಹತ್ತಿ ಅಮ್ಮಾ."

"ನನ್ನ ಗಂಡ ಸತ್ತಾಗ ಹಚ್ಚಿದ ಬತ್ತಿ ಹೊಗೆ ಇದರಲ್ಲಿದೆ ಫಾದರ್. ನಮ್ಮ ತಾಯಿ ನನ್ನ ಚೀಲದಲ್ಲಿದ್ದಾಳೆ. ನಿಮ್ಮ ಗೂಡಲ್ಲಿರೋದು ಗೊಂಬೆ."

ಫಾದರ್ ಕೆಟ್ಟವರಲ್ಲ. ಅವರಿಗೂ ದಿಕ್ಕು ತೋಚಲಿಲ್ಲ. ಚರ್ಚಿನ ಸಮಿತಿಯ ಕಾರ್ಯದರ್ಶಿ ಮಾತ್ರ ಎಲ್ಲ ತೀರ್ಮಾನ ಮಾಡಿಕೊಂಡೇ ನಮ್ಮ ಮನೆಗೆ ಬಂದ. ವಾರ್ಷಿಕದ ದಿನದೊಳಗೆ ಜನ ವಾಪಸ್ ಬರದಿದ್ದರೆ ಈ ಪ್ರತಿಮೆ ಉಗ್ರಾಣಕ್ಕೆ, ಅಂಗಡಿಯಿಂದ ಹೊಸದು ಗೂಡಿಗೆ ಎಂದ. ಮೇಜಿನ ಮೇಲಿನ ಕುಂಚ ಎತ್ತಿ ನೋಡಿ, "ಅದೇನು ದೊಡ್ಡ ವಿಷಯ? ಒಂದು ಡಬ್ಬ ಕಪ್ಪು ಪೇಂಟ್ ತಂದು ಬಳಿದುಬಿಡು ಮಾರಾಯ. ಯಾರಿಗೆ ಗೊತ್ತಾಗತ್ತೆ?" ಎಂದ.

"ಅದು ಗೇಟಿಗೆ ಹೊಡೆಯೋ ಬಣ್ಣ ಸಾರ್."

"ಕಪ್ಪು ಕಪ್ಪೇ ಅಲ್ವೇನಯ್ಯ?"

"ಅಲ್ಲ" ಎಂದರು. ಅಷ್ಟೇ ಹೇಳಿದರು.

ಅವನು ಹೋದ ಮೇಲೆ ನಾನು ಕೇಳಿದೆ. "ಒರೆಸಿ ಅಂದಿದ್ದು ಫಾದರ್. ಚೆನ್ನಾಗಿದೆ ಅಂದಿದ್ದೂ ಫಾದರ್. ಅದನ್ನ ಯಾಕ್ರೀ ಯಾರಿಗೂ ಹೇಳಲ್ಲ ನೀವು?"

"ಧೂಳು ಒರೆಸು ಅಂದ್ರು. ನಾನು ಅವಳನ್ನೇ ಒರೆಸಿದೆ. ಧೂಳು ಯಾವುದು, ಹೊಗೆ ಯಾವುದು ಅಂತ ಗೊತ್ತಾಗಬೇಕಿದ್ದು ನನಗೆ ತಾನೇ?"

ಊಟ ಬಿಟ್ಟರು. ಮೇಜಿನ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಕರಿ ತಾಯಿ ಉಗ್ರಾಣ ಸೇರಿದರೆ ಅದು ಅವರಿಂದಲೇ ಆದ ಹಾಗೆ. ಅದನ್ನು ಅವರು ತಡೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುರಿದದ್ದನ್ನು ಕೂಡಿಸಿ ಬದುಕಿದ ಕೈ ಅದು. ಅದೇ ಕೈಯಿಂದ ಇದಾಯಿತು.

ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆ ಹೊಗೆಯಾಡಿತು. ನಾನು ಪಾತ್ರೆಯ ತಳ ಉಜ್ಜುತ್ತ ಗೊಣಗುತ್ತಿದ್ದೆ. ಅವರು ಬಂದು ಪಾತ್ರೆ ಕಿತ್ತುಕೊಂಡು ಮಸಿಯನ್ನು ಬೆರಳಿಂದ ಮುಟ್ಟಿ ಮೂಸಿದರು. ತಲೆ ಕೆಟ್ಟಿತು ಎಂದುಕೊಂಡೆ.

"ಆ ಹತ್ತಿನ ಹೇಗೂ ಸುಡಲೇಬೇಕು" ಎಂದರು. "ಆಶೀರ್ವಾದದ್ದು, ಎಸೆಯೋ ಹಾಗಿಲ್ಲ. ಸುಟ್ಟಾಗ ಹೊಗೆ ಬರತ್ತೆ. ಆ ಹೊಗೆನ ಸುಮ್ನೆ ಯಾಕೆ ಬಿಡಬೇಕು?"

ಕಾಡಿಗೆ ಹಿಡಿಯುವ ಹಾಗೆ. ಹತ್ತಿಯನ್ನು ಬತ್ತಿ ಹೊಸೆದು, ಮೇಣದಲ್ಲಿ ಅದ್ದಿ ಉರಿಸುವುದು. ಮೇಲೆ ತಟ್ಟೆ ಬೋರಲು ಹಿಡಿಯುವುದು. ತಟ್ಟೆಗೆ ಹತ್ತಿದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ಬಣ್ಣ. ಅವರೆಲ್ಲ ಹಚ್ಚಿದ ಬತ್ತಿಗಳದೇ ಹೊಗೆ, ಮತ್ತೆ ಅದೇ ಮುಖಕ್ಕೆ. ಮಾಡಲು ಸುಲಭ. ಆದರೆ ಹತ್ತಿ ಮನೆಮನೆಯಲ್ಲಿತ್ತು. ಯಾರು ಕೊಡುತ್ತಾರೆ?

ಅವರು ಅಂಗಿ ಬದಲಿಸಿಕೊಂಡು ಹೊರಟರು. ನನ್ನನ್ನು ಕಳಿಸಬಹುದಿತ್ತು. ಫಾದರ್ ಹತ್ತಿರ ಹೇಳಿಸಬಹುದಿತ್ತು. ತಾವೇ ಹೋದರು, ಒಂದೊಂದು ಬಾಗಿಲಿಗೂ. ನಾನು ಹಿಂದೆ ಡಬ್ಬ ಹಿಡಿದುಕೊಂಡು ಹೋದೆ. ದರ್ಜಿಯ ಹೆಂಡತಿ ಬಾಗಿಲು ಅರ್ಧ ತೆಗೆದಳು.

"ಕೊಟ್ಟದ್ದನ್ನ ವಾಪಸ್ ಕೇಳೋಕೆ ನಾಚಿಕೆ ಆಗಲ್ವಾ ಗೋಂದಣ್ಣ?"

"ಆಗತ್ತೆ ಅಕ್ಕಾ. ಅದಕ್ಕೇ ನಾನೇ ಬಂದೆ."

ಅವಳು ಅವರನ್ನು ನೋಡಿದಳು. ಒಳಗೆ ಹೋಗಿ ಹತ್ತಿ ತಂದು ಡಬ್ಬಕ್ಕೆ ಹಾಕಿದಳು. ತೊಟ್ಟಿಲಿಗೆ ಕಟ್ಟಿದವಳು ಮಾತ್ರ ಕೊಡಲಿಲ್ಲ. "ಮಗು ಈಗ ನಿದ್ದೆ ಮಾಡ್ತಿದೆ" ಎಂದಳು. "ಇರ್ಲಿ ಬಿಡಮ್ಮ. ಅದು ಅಲ್ಲೇ ಇರ್ಲಿ" ಎಂದು ಅವರೇ ಹಿಂದೆ ಸರಿದರು. ಬೈದವರೂ ಇದ್ದರು. ಬೈಸಿಕೊಂಡು ನಿಂತರು. ಬೈದು ಮುಗಿಸಿದವರು ಕೊಟ್ಟರು. ಡಬ್ಬದ ತಳ ತುಂಬುತ್ತ ಬಂತು. ತೋಳು, ಪಾದ, ಬಟ್ಟೆ, ಎಲ್ಲ ಇತ್ತು. ಮುಖದ್ದು ಇರಲಿಲ್ಲ. ಅದು ಅಮ್ಮನ ಹತ್ತಿರ.

ಅಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ನಾವು ಬರುವುದೂ, ಯಾಕೆ ಎನ್ನುವುದೂ ಅವಳಿಗೆ ಆಗಲೇ ಗೊತ್ತಿತ್ತು. ಚೀಲ ತೊಡೆಯ ಮೇಲಿತ್ತು.

"ಸುಟ್ಟು ಹಾಕ್ತೀಯಾ?" ಎಂದಳು.

"ಹೌದು ಅತ್ತೆ. ಸುಟ್ಟರೇನೇ ಹೊಗೆ."

"ಆ ಹೊಗೆ ಮುಖದ ಮೇಲೆ ಕೂರತ್ತೆ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ."

"ಕೂರದೆ ಹೋದ್ರೆ?"

"ನಿಮ್ಮ ಹತ್ರ ಹತ್ತಿನೂ ಇರಲ್ಲ. ಅಲ್ಲಿ ಮುಖಾನೂ ಇರಲ್ಲ."

ನನಗೆ ಸಿಟ್ಟು ಬಂತು. ಆಗತ್ತೆ ಅಂತ ಒಂದು ಮಾತು ಹೇಳಲು ಏನು ಕಷ್ಟ?

"ಸುಳ್ಳು ಹೇಳೋಕೂ ಬರಲ್ಲ ನಿನಗೆ. ಎಂಥ ಗಂಡು ಹುಡುಕಿದೆನೋ ನನ್ನ ಮಗಳಿಗೆ" ಎಂದಳು. ಎದ್ದಳು. ಚೀಲ ಕೊಡಲಿಲ್ಲ. "ನಡಿ. ನಾನೇ ಉರಿಸ್ತೀನಿ. ನೀನು ತಟ್ಟೆ ಹಿಡಿ."

ನಮ್ಮ ಹಿತ್ತಲ ಬಾಗಿಲ ಹತ್ತಿರ, ಗಾಳಿ ಬರದ ಮೂಲೆಯಲ್ಲಿ ಕೂತೆವು. ಅಮ್ಮ ಬತ್ತಿ ಹೊಸೆದಳು, ನಾನು ಮೇಣ ಕರಗಿಸಿದೆ, ಅವರು ತಟ್ಟೆ ಹಿಡಿದರು. ಕೈ ನೋಯುತ್ತದೆ, ಬದಲಿಸಿ ಎಂದರೆ ಕೇಳಲಿಲ್ಲ. ಕೆನ್ನೆಯ ಹತ್ತಿಗೆ ಬೆಂಕಿ ಇಡುವಾಗ ಅಮ್ಮನ ಕೈ ತಡೆಯಿತು. ಅಮ್ಮನೇ ಶಿಲುಬೆ ಗುರುತು ಮಾಡಿಕೊಂಡು ಹಚ್ಚಿದಳು. ಸುಟ್ಟು ಉಳಿದ ಬೂದಿಯನ್ನು ಅವರು ಹಿತ್ತಲಲ್ಲೇ ಹೂತರು. ಮಸಿ ಸಿಕ್ಕಿದ್ದು ಬಹಳ ಕಡಿಮೆ. ಅಷ್ಟೊಂದು ಹತ್ತಿ, ಒಂದು ಚಮಚದಷ್ಟು ಮಸಿ.

ಮಾರನೆಯ ದಿನ ಪ್ರತಿಮೆಯನ್ನು ಮತ್ತೆ ಮನೆಗೆ ತಂದರು. ಅಮ್ಮ ಸ್ಟೂಲು ಹಾಕಿಕೊಂಡು ಅವರ ಬೆನ್ನ ಹಿಂದೆಯೇ ಕೂತಳು. ಅವರು ಕುಂಚ ಮುಟ್ಟಲಿಲ್ಲ. ಬಟ್ಟೆಯ ಚೂರಿನಿಂದ ಸ್ವಲ್ಪ ಸ್ವಲ್ಪವೇ ಒತ್ತಿದರು, ಹೊಗೆ ಕೂರುವ ಹಾಗೆ.

"ಮೂಗಿನ ಎಡಗಡೆ ಜಾಸ್ತಿ ಕಪ್ಪಿತ್ತು" ಎನ್ನುವಳು ಅಮ್ಮ. "ಗಾಳಿ ಆ ಕಡೆಗೆ ಬೀಸ್ತಿತ್ತು."

"ಇಷ್ಟಾ ಅತ್ತೆ?"

"ಇನ್ನೊಂಚೂರು. ಸಾಕು, ಸಾಕು! ಬೂಟ್ ಪಾಲಿಶ್ ಮಾಡ್ತಿದ್ದೀಯಾ?"

"ನೀವೇ ಮಾಡ್ತೀರಾ?"

"ನನಗೇನು, ಗೋಂದು ತಿಂದು ಬೆಳೆದ ಕೈಯಾ?"

ಹೀಗೇ ಜಗಳ. ಮುಖ ಆಯಿತು. ಕೈ ಆಯಿತು. ಕತ್ತಿನ ಹತ್ತಿರ ಮಸಿ ಮುಗಿಯಿತು. ಬಟ್ಟೆ ಹಾಗೇ ನೀಲಿ, ಮೇಲೆ ಚಿನ್ನದ ನಕ್ಷತ್ರ. ಅಂಗಡಿಯ ಮಸಿ ಬೆರೆಸಿ ಮುಗಿಸಿ ಎಂದು ನಾನು ಹೇಳಿದೆ. ಅಮ್ಮ ಬಾಯಿ ತೆರೆದಳು. ಅವಳು ಹೇಳುವ ಮುಂಚೆ ಅವರೇ ಹೇಳಿದರು: "ಬೇರೆ ಯಾವ ಮಸಿನೂ ಬೇಡ. ಇದ್ದಷ್ಟೇ."

ವಾರ್ಷಿಕದ ದಿನ ಚರ್ಚು ತುಂಬಿತ್ತು. ಕಾರ್ಯದರ್ಶಿ ಉಗ್ರಾಣದ ಬೀಗದ ಕೈ ಜೇಬಲ್ಲಿಟ್ಟುಕೊಂಡೇ ಬಂದಿದ್ದ. ನಮ್ಮವರು ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತರು. ಫಾದರ್ ಪರದೆ ಸರಿಸಿದರು. ಹೆಂಗಸರು ನೋಡಿದರು, ಆಮೇಲೆ ನನ್ನ ಅಮ್ಮನ ಕಡೆ ನೋಡಿದರು. ಹೊಗೆ ಕೂತದ್ದನ್ನು ಅಮ್ಮ ಮನೆಯಲ್ಲೇ ಕಂಡಿದ್ದಳು. ಆದರೂ ಹೊಸದಾಗಿ ನೋಡುವವಳ ಹಾಗೆ ಎದ್ದು ಹೋಗಿ ಗೂಡಿನ ಮುಂದೆ ನಿಂತಳು. ಮನೆಯ ಮೇಜಿನ ಮೇಲೆ ನೋಡುವುದು ಬೇರೆ, ಗೂಡಿನಲ್ಲಿ ನೋಡುವುದು ಬೇರೆ.

"ಬಟ್ಟೆ ಹೊಸದು" ಎಂದಳು ಗಟ್ಟಿಯಾಗಿ. "ಮುಖ ನಮ್ಮದೇ."

ಬತ್ತಿ ಹಚ್ಚಿದಳು. ಹಿಂದಿನಿಂದ ದರ್ಜಿಯ ಹೆಂಡತಿ ಬಂದಳು. ಆಮೇಲೆ ನೂಕುನುಗ್ಗಲು. ಫಾದರ್ ಕೂಡ ಸಾಲಿನಲ್ಲಿ ನಿಂತು ಒಂದು ಬತ್ತಿ ಹಚ್ಚಿದರು. ನಾನು ಹೊರಗೆ ಹೋಗಿ ನಮ್ಮವರಿಗೆ ಹೇಳಿದೆ. ಅವರು ಚಪ್ಪಲಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ.

ಆಮೇಲೆ ಅವರು ಅಂಗಡಿಯ ಕಪ್ಪು ಬಣ್ಣ ತರುವುದನ್ನೇ ಬಿಟ್ಟರು. ಸಂತರ ಗಡ್ಡಕ್ಕೆ, ಕಣ್ಣುಗುಡ್ಡೆಗೆ ಬೇಕಾದ ಕಪ್ಪನ್ನೆಲ್ಲ ಚರ್ಚಿನ ಮೇಣದಬತ್ತಿಯ ತುಂಡುಗಳಿಂದ ತಾವೇ ಹಿಡಿಯುತ್ತಿದ್ದರು. ಪ್ರತಿಮೆ ತಂದವರಿಗೆ, ಒರೆಸುವ ಮುಂಚೆ, ಮನೆಯಲ್ಲಿ ಹಿರಿಯರು ಯಾರಿದ್ದಾರೆ, ಅವರನ್ನು ಒಂದು ಸಲ ಕರೆತನ್ನಿ ಎನ್ನುತ್ತಿದ್ದರು. ಹಿರಿಯರು ಬಂದು ಇದು ಇರಲಿ, ಅದು ಹೋಗಲಿ ಎಂದು ತೋರಿಸಬೇಕು. ಮುದುಕಿಯರು ಬಂದು ಗಂಟೆಗಟ್ಟಲೆ ಕೂರುತ್ತಿದ್ದರು. ನನಗೆ ಚಹಾ ಮಾಡಿ ಮಾಡಿ ಸಾಕಾಗಿತ್ತು. ಈಗ ಯಾರೂ ಬರುವುದಿಲ್ಲ.

ನಮ್ಮವರು ಹೋದದ್ದು ಈ ವರ್ಷ, ಬಿಸಿಲು ಏರುವ ಹೊತ್ತು. ಮೇಜಿನ ಮುಂದೆ ಕೂತವರು ಹಾಗೇ ವಾಲಿದರು. ನಾನು ಒಲೆಯ ಮುಂದಿದ್ದೆ. ಸದ್ದು ಕೇಳಿ ಪ್ರತಿಮೆ ಬಿತ್ತು ಎಂದುಕೊಂಡೆ.

ಮೈ ತೊಳೆಯಲು ಸೈಕಲ್ ರಿಪೇರಿಯವನು ಬಂದ. ನಾನೇ ಮಾಡುತ್ತೇನೆ, ಬೇರೆ ಯಾರೂ ಮುಟ್ಟುವುದು ಬೇಡ ಎಂದ. ಬಿಸಿನೀರು ಕಾಯಿಸಿ ಕೊಟ್ಟೆ. ಅವನು ಎಲ್ಲ ತೊಳೆದು ಕೈಗೆ ಬಂದ. ಉಗುರಿನ ಸಂದಿಯಲ್ಲೆಲ್ಲ ಮಸಿ. ಸೋಪು ಹಾಕಿದ, ಹೋಗಲಿಲ್ಲ. ಬ್ರಷ್ ಕೇಳಿ ಇಸಿದುಕೊಂಡು ಉಜ್ಜತೊಡಗಿದ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಏನ್ ಮಾಡ್ತಿದ್ದೀಯೋ?"

"ಮಸಿ, ಅಜ್ಜಿ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."

"ಬಿಡು ಅದನ್ನ. ತೊಳೀಬೇಡ" ಎಂದಳು. "ಅದು ಕೊಳೆ ಅಲ್ಲ."

ಅವನು ಬ್ರಷ್ ಕೆಳಗಿಟ್ಟ. ಕೈ ಹಾಗೇ ಜೋಡಿಸಿ ಮಣ್ಣು ಮಾಡಿದೆವು.